ಬಾಣಂತಿಗೆ ಕೆಮ್ಮು, ಜ್ವರ ಬಂದಾಗ ಎದೆಹಾಲು ಕೊಡುವುದು ಹೇಗೆ?

ತಾಯಿಗೆ ಮೈ ಬಿಸಿಯಾಗಿ ಕೆಮ್ಮು ಶುರುವಾದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು, "ಇವತ್ತು ಮಗೂಗೆ ಹಾಲು ಕೊಡಬೇಡಮ್ಮ, ಅದಕ್ಕೂ ಅಂಟುತ್ತೆ." ಹೇಳಿದವರು ಅತ್ತೆಯಾಗಲಿ ಅಮ್ಮನಾಗಲಿ, ಕಾಳಜಿಗೆ ಕೊರತೆಯಿಲ್ಲ. ಆದರೆ ಅದೇ ಕೋಣೆಯ ಕಿಟಕಿಗಳು ಥಂಡಿಯ ಭಯಕ್ಕೆ ಮುಚ್ಚಿರುತ್ತವೆ. ಕೆಮ್ಮುವಾಗ ತಾಯಿ ಬಾಯಿಗೆ ಹಿಡಿದ ಸೆರಗಿನಿಂದಲೇ ಮಗುವಿನ ತುಟಿ ಒರೆಸುತ್ತಾಳೆ. ಮೂಗು ಸೋರುತ್ತಿರುವ ದೊಡ್ಡ ಮಗು ಶಾಲೆಯಿಂದ ಬಂದದ್ದೇ ಪಾಪುವಿನ ಕೆನ್ನೆಗೆ ಮುತ್ತಿಡುತ್ತದೆ. ಸೋಂಕು ಬರುವ ಬಾಗಿಲುಗಳೆಲ್ಲ ಹೀಗೆ ತೆರೆದೇ ಇರುತ್ತವೆ. ಮುಚ್ಚುವುದು ಮಾತ್ರ ಅದು ಬಾರದ ಬಾಗಿಲನ್ನು.

ನೆಗಡಿಯ ವೈರಾಣುಗಳು, ಇನ್‌ಫ್ಲುಯೆಂಜಾ (ಫ್ಲೂ), ಎಳೆಮಕ್ಕಳ ಶ್ವಾಸನಾಳವನ್ನು ಕಾಡುವ ಆರ್‌ಎಸ್‌ವಿ ವೈರಾಣು, ಕೋವಿಡ್ ಇವೆಲ್ಲ ಹರಡುವುದು ಕೆಮ್ಮು, ಸೀನು, ಮಾತಿನೊಂದಿಗೆ ಹೊರಬೀಳುವ ತುಂತುರಿನಿಂದ, ಗಾಳಿಯಾಡದ ಕೋಣೆಯಲ್ಲಿ ತೇಲಾಡುವ ಕಣಗಳಿಂದ, ಮೂಗು ಮುಟ್ಟಿದ ಕೈಯಿಂದ. ಹಾಲಿನ ಮೂಲಕ ಹರಡುವುದು ಇವುಗಳ ದಾರಿಯಲ್ಲ. ಕೋವಿಡ್ ಬಂದ ಹೊಸದರಲ್ಲಿ ಈ ಅನುಮಾನ ಜೋರಾಗಿಯೇ ಎದ್ದಿತ್ತು. ಹಲವು ದೇಶಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವನ್ನು ತಾಯಿಯಿಂದ ಬೇರೆ ಮಾಡಿದ್ದೂ ಉಂಟು. ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಕೆಲವೇ ಮಾದರಿಗಳಲ್ಲಿ ವೈರಾಣುವಿನ ಆರ್‌ಎನ್‌ಎ (ವಂಶವಾಹಿ ಅಂಶದ) ತುಣುಕು ಸಿಕ್ಕಿತು, ಸೋಂಕು ತರಬಲ್ಲ ಜೀವಂತ ವೈರಾಣು ಸಿಗಲಿಲ್ಲ. 2020ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪುರಾವೆಗಳನ್ನು ಒಟ್ಟುಗೂಡಿಸಿ, ಕೋವಿಡ್ ಇರುವ ತಾಯಂದಿರೂ ಎದೆಹಾಲು ಮುಂದುವರಿಸಲಿ ಎಂದು ಹೇಳಿತು. ಭಾರತದ ಸಲಹೆಗಳೂ ಅದೇ ಹಾದಿಯಲ್ಲಿ ಸಾಗಿದವು.

ಇನ್ನೊಂದು ಲೆಕ್ಕವನ್ನು ಮನೆಯವರು ಮರೆಯುತ್ತಾರೆ. ಇನ್‌ಫ್ಲುಯೆಂಜಾ ಬಂದವರು ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ಸೋಂಕು ಹರಡಬಲ್ಲರು. ತಾಯಿಗೆ ಮೈಕೈ ನೋವು ಶುರುವಾಗುವ ಹೊತ್ತಿಗೆ ಮಗು ಆಗಲೇ ಅವಳ ಉಸಿರಿಗೆ ಒಡ್ಡಿಕೊಂಡಿರುತ್ತದೆ. ಆ ವೇಳೆಗೆ ತಾಯಿಯ ದೇಹ ಆ ವೈರಾಣುವಿಗೆಂದೇ ಪ್ರತಿಕಾಯ ತಯಾರಿಸಲು ತೊಡಗಿರುತ್ತದೆ. ಶ್ವಾಸನಾಳದ ಒಳಪದರದಲ್ಲಿ ವೈರಾಣುವನ್ನು ಗುರುತಿಸಿದ ರೋಗನಿರೋಧಕ ಕಣಗಳಲ್ಲಿ ಕೆಲವು ಎದೆಯ ಹಾಲಿನ ಗ್ರಂಥಿಗಳಿಗೆ ವಲಸೆ ಹೋಗಿ, ಅಲ್ಲಿ ಐಜಿಎ ಎಂಬ ಪ್ರತಿಕಾಯವನ್ನು ಹಾಲಿಗೆ ಸೇರಿಸುತ್ತವೆ. ಅದು ಮಗುವಿನ ಬಾಯಿ, ಗಂಟಲು, ಕರುಳಿನ ಒಳಪದರಕ್ಕೆ ಅಂಟಿಕೊಂಡು ಕಾಯುತ್ತದೆ. ಜ್ವರ ಬಂದ ದಿನವೇ ಹಾಲು ನಿಲ್ಲಿಸಿದರೆ ಸೋಂಕು ತಪ್ಪುವುದಿಲ್ಲ, ಈ ಕಾವಲು ಮಾತ್ರ ತಪ್ಪುತ್ತದೆ. 6 ತಿಂಗಳೊಳಗಿನ ಮಗುವಿಗೆ ಇನ್‌ಫ್ಲುಯೆಂಜಾ ಲಸಿಕೆ ಕೊಡುವಂತಿಲ್ಲ ಎಂಬುದನ್ನು ನೆನೆದರೆ ಈ ಕಾವಲಿನ ಬೆಲೆ ಇನ್ನಷ್ಟು ತಿಳಿಯುತ್ತದೆ.

"ಜ್ವರದ ಹಾಲು ಕೆಟ್ಟಿರುತ್ತೆ", "ಶೀತದ ಹಾಲಿಗೆ ಕಫ ಕಟ್ಟುತ್ತೆ" ಎಂಬ ಮಾತುಗಳಿಗೆ ಆಧಾರವಿಲ್ಲ. ಜ್ವರದಲ್ಲಿ ಹಾಲಿನ ಪ್ರಮಾಣ ಕೊಂಚ ಇಳಿಯಬಹುದು, ಗುಣ ಕೆಡುವುದಿಲ್ಲ. ಇಳಿಯುವುದಕ್ಕೂ ಕಾರಣ ಬೇರೆಯೇ: ತಾಯಿ ನೀರು ಕುಡಿದಿರುವುದಿಲ್ಲ, ಸುಸ್ತಾಗಿ ಮಲಗಿರುವುದರಿಂದ ಮಗು ಎದೆಗೆ ಬರುವ ಸಲ ಕಡಿಮೆಯಾಗಿರುತ್ತದೆ. ಬಾಣಂತಿ ಹೆಚ್ಚು ನೀರು ಕುಡಿಯಬಾರದೆಂಬ ಪಥ್ಯವನ್ನು ಜ್ವರದ ದಿನಗಳಲ್ಲಂತೂ ಪಕ್ಕಕ್ಕಿಡಬೇಕು. ಪ್ರತಿ ಸಲ ಹಾಲೂಡಿಸಲು ಕೂತಾಗ ಒಂದು ದೊಡ್ಡ ಲೋಟ ನೀರು, ಗಂಜಿ, ಸಾರು, ಮಜ್ಜಿಗೆ ಯಾವುದಾದರೂ ಸರಿ, ಪಕ್ಕದಲ್ಲಿರಲಿ. ಮೂತ್ರ ಗಾಢ ಹಳದಿಯಾಗಿದ್ದರೆ ಕುಡಿದದ್ದು ಸಾಲದು ಎಂದರ್ಥ.

ಜ್ವರವೆಲ್ಲ ಫ್ಲೂ ಅಲ್ಲ

ಹಾಲೂಡಿಸುವ ತಾಯಿಗೆ ಚಳಿ, 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೈಯೆಲ್ಲ ನೋವು ಬಂದಿದ್ದು, ಕೆಮ್ಮು ನೆಗಡಿ ಏನೂ ಇಲ್ಲವಾದರೆ ಮೊದಲು ಎದೆಯನ್ನು ನೋಡಿ. ಒಂದು ಬದಿಯಲ್ಲಿ ಕೆಂಪಾದ, ಮುಟ್ಟಿದರೆ ಬಿಸಿಯೆನಿಸುವ, ಗಟ್ಟಿಯಾದ ಜಾಗವಿದ್ದರೆ ಅದು ಎದೆ ಬಾವು. ಫ್ಲೂ ಎಂದುಕೊಂಡು ಹಾಲು ನಿಲ್ಲಿಸಿದರೆ ಅದು ಕೀವಿನ ಗಡ್ಡೆಯಾಗುವ ತನಕ ಹೋಗಬಹುದು. ಮಳೆಗಾಲದಲ್ಲಿ ಕೆಮ್ಮಿಲ್ಲದ ಜ್ವರಕ್ಕೆ ಡೆಂಗಿಯ ಅನುಮಾನವೂ ಇರಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ವಾಸನೆಯ ಸ್ರಾವ, ಹೊಟ್ಟೆ ನೋವು ಜೊತೆಗಿದ್ದರೆ ಗರ್ಭಕೋಶದ ಸೋಂಕು ಇರಬಹುದು. ಇದಕ್ಕೆ ಅದೇ ದಿನ ಆಸ್ಪತ್ರೆ.

ನಿಜವಾದ ಫ್ಲೂ ಇದ್ದಾಗಲೂ ಹಾಲೂಡುವುದನ್ನು ಥಟ್ಟನೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಹಾಲು ಕಟ್ಟಿಕೊಂಡು ಎದೆ ಕಲ್ಲಾಗುತ್ತದೆ, ಅದರ ಬೆನ್ನಿಗೇ ಬಾವು. ಇದ್ದ ಜ್ವರದ ಮೇಲೆ ಇನ್ನೊಂದು ಜ್ವರ.

ಹಾಲೂಡಿಸುವ ಹೊತ್ತಿನ ಕ್ರಮ

ಕೈಯಿಂದ ಶುರು. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡು, ಬೆರಳ ಸಂದು, ಹೆಬ್ಬೆರಳಿನ ಬುಡ, ಉಗುರಿನಡಿ ಉಜ್ಜಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ರಾತ್ರಿ ಎದ್ದು ನಲ್ಲಿಯತ್ತ ಹೋಗಲಾಗದಿದ್ದರೆ 60 ಶೇಕಡಾಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆದೀತು. ಅದು ಪೂರ್ತಿ ಒಣಗಿದ ಮೇಲಷ್ಟೇ ಮಗುವನ್ನು ಮುಟ್ಟಬೇಕು. ಬಳಿಕ ಮಾಸ್ಕ್. ಔಷಧಿ ಅಂಗಡಿಯಲ್ಲಿ ಸಿಗುವ ಮೂರು ಪದರದ ಸರ್ಜಿಕಲ್ ಮಾಸ್ಕ್ ಸಾಕು. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಿ, ಕೆಳಗೆ ಗಲ್ಲ ಮುಚ್ಚುವಂತೆ ಎಳೆಯಬೇಕು. ಒದ್ದೆಯಾದ ಕೂಡಲೇ ಬದಲಿಸಬೇಕು, ಅದರ ಮುಂಭಾಗ ಮುಟ್ಟಿದರೆ ಮತ್ತೆ ಕೈ ತೊಳೆಯಬೇಕು. ಎನ್95 ಇದ್ದರೆ ಒಳ್ಳೆಯದೇ, ಆದರೆ ಮುಂದೆ ಪ್ಲಾಸ್ಟಿಕ್ ಬಿಲ್ಲೆಯಂಥ ಕವಾಟ ಇರುವ ಎನ್95 ಇಲ್ಲಿ ನಿಷ್ಪ್ರಯೋಜಕ. ಅದು ಹಾಕಿಕೊಂಡವರು ಒಳಗೆಳೆಯುವ ಗಾಳಿಯನ್ನಷ್ಟೇ ಸೋಸುತ್ತದೆ. ಹೊರಬಿಡುವ ಉಸಿರು ಕವಾಟದಿಂದ ಸೋಸದೆ ಹೋಗಿ ಮಗುವಿನ ಮುಖಕ್ಕೇ ಬೀಳುತ್ತದೆ. ಸೆರಗು ಮಾಸ್ಕ್ ಆಗಲಾರದು. ಮಾಸ್ಕ್ ಸಿಗದ ಕಡೆ ಒಗೆದ ಹತ್ತಿ ಬಟ್ಟೆಯನ್ನು ಎರಡು ಮೂರು ಪದರ ಮಡಚಿ ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡು ಹಾಲೂಡಿಸಿದರೂ ಆಯಿತು. ಮಾಸ್ಕ್ ಇಲ್ಲವೆಂದು ಮಗುವನ್ನು ಹಸಿದಿರಿಸಬೇಡಿ.

ಮಗುವಿಗೆ ಮಾಸ್ಕ್ ಬೇಡವೇ ಬೇಡ, ಮುಖಕ್ಕೆ ಪ್ಲಾಸ್ಟಿಕ್ ಪರದೆಯೂ ಬೇಡ. ಉಸಿರು ಕಟ್ಟುವ ಅಪಾಯ ಅದರಲ್ಲೇ ಹೆಚ್ಚು.

ಎದೆಯನ್ನು ಪ್ರತಿ ಸಲ ಸೋಪಿನಿಂದ ತೊಳೆಯಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ತೆರೆದ ಎದೆಯ ಮೇಲೆ ಈಗಷ್ಟೇ ಕೆಮ್ಮಿದ್ದರೆ ಅಥವಾ ಸೀನಿದ್ದರೆ ಆ ಒಂದು ಸಲ ಸೋಪು ನೀರಿನಲ್ಲಿ 20 ಸೆಕೆಂಡು ತೊಳೆದರೆ ಮುಗಿಯಿತು. ದಿನಕ್ಕೆ ಹತ್ತು ಸಲ ಸೋಪು ಹಾಕಿದರೆ ತೊಟ್ಟಿನ ಸುತ್ತಲ ಎಣ್ಣೆಯಂಶ ಹೋಗಿ ಚರ್ಮ ಬಿರಿಯುತ್ತದೆ. ಸ್ಯಾನಿಟೈಸರ್, ಡೆಟಾಲ್ ಎರಡೂ ಎದೆಗೆ ತಾಗಬಾರದು.

ಭಂಗಿಯಲ್ಲೂ ಸ್ವಲ್ಪ ಜಾಣತನ ಬೇಕು. ಕೆಮ್ಮು ಜೋರಾಗಿರುವಾಗ ಕಂಕುಳ ಹಿಡಿತ ಅನುಕೂಲ: ಪಕ್ಕದಲ್ಲಿ ದಿಂಬಿಟ್ಟು, ಮಗುವಿನ ಕಾಲು ತಾಯಿಯ ಕಂಕುಳಡಿಯಿಂದ ಬೆನ್ನ ಕಡೆಗೆ ಹೋಗುವಂತೆ, ಕತ್ತು ಮತ್ತು ಭುಜ ಅಂಗೈಯಲ್ಲಿ ನಿಲ್ಲುವಂತೆ ಹಿಡಿಯುವುದು. ಮಗು ಒಂದು ಬದಿಯಲ್ಲಿರುವುದರಿಂದ ಕೆಮ್ಮು ಬಂದಾಗ ತಾಯಿ ಇನ್ನೊಂದು ಬದಿಗೆ ಮುಖ ತಿರುಗಿಸಿ ಮೊಣಕೈ ಮಡಿಕೆಯಲ್ಲಿ ಕೆಮ್ಮಬಹುದು. ಕೂರಲಾಗದಷ್ಟು ನಿಶ್ಶಕ್ತಿಯಿದ್ದರೆ ಮಗ್ಗುಲಾಗಿ ಮಲಗಿಯೇ ಕೊಡಬಹುದು, ಆದರೆ ಎಚ್ಚರವಿರುವ ಇನ್ನೊಬ್ಬರು ಹತ್ತಿರವಿದ್ದು, ಮುಗಿದ ತಕ್ಷಣ ಮಗುವನ್ನು ಎತ್ತಿಕೊಳ್ಳಬೇಕು. ನೆಗಡಿ ಮಾತ್ರೆಯ ಮಂಪರಿನಲ್ಲಿರುವ ತಾಯಿಯ ಪಕ್ಕ ಮಗುವನ್ನು ಮಲಗಿಸಿಬಿಡುವುದು ವೈರಾಣುವಿಗಿಂತ ದೊಡ್ಡ ಗಂಡಾಂತರ.

ಹಾಲು ಕುಡಿದ ಮೇಲೆ ತೇಗಿಸುವುದು, ಬಟ್ಟೆ ಬದಲಿಸುವುದು, ಸ್ನಾನ, ತೂಗುವುದು ಇಷ್ಟನ್ನೂ ಆರೋಗ್ಯವಾಗಿರುವ ಯಾರಾದರೂ ಒಬ್ಬರು ವಹಿಸಿಕೊಳ್ಳಲಿ. ಒಬ್ಬರೇ ಇರಲಿ, ಕೈಯಿಂದ ಕೈಗೆ ಹೋಗುವುದು ಬೇಡ. ಉಳಿದ ಹೊತ್ತು ತೊಟ್ಟಿಲು ತಾಯಿಯ ಹಾಸಿಗೆಯಿಂದ 6 ಅಡಿ ದೂರ. ಅದೇ ಕೋಣೆಯಲ್ಲಿದ್ದರೂ ಸರಿ. ಸಹಾಯಕ್ಕೆ ಯಾರೂ ಇಲ್ಲದೆ ತಾಯಿಯೊಬ್ಬಳೇ ಎಲ್ಲವನ್ನೂ ಮಾಡಬೇಕಾಗಿ ಬಂದರೆ ಕೈ ಮತ್ತು ಮಾಸ್ಕ್ ಎರಡರಲ್ಲೇ ಬಿಗಿಯಾಗಿದ್ದರೂ ಹೆಚ್ಚಿನ ರಕ್ಷಣೆ ಸಿಗುತ್ತದೆ.

ಬಾಣಂತಿ ಕೋಣೆಯ ಗಾಳಿ

ನಮ್ಮ ಅಭಿಪ್ರಾಯದಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಮಾಸ್ಕ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಕಿಟಕಿ ತೆಗೆಯಿರಿ ಎಂದು ಬಾಣಂತಿ ಮನೆಯಲ್ಲಿ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಕೆಮ್ಮುವವರೊಬ್ಬರು ಇದ್ದರೆ ಗಂಟೆ ಕಳೆದಂತೆ ಗಾಳಿಯಲ್ಲಿ ಸೋಂಕಿನ ಕಣಗಳು ಕೂಡುತ್ತಲೇ ಹೋಗುತ್ತವೆ. ಮಾಳಿಗೆಯ ಫ್ಯಾನು ತಿರುಗಿಸಿದರೆ ಅದೇ ಗಾಳಿ ಕದಡುತ್ತದೆಯೇ ಹೊರತು ಬದಲಾಗುವುದಿಲ್ಲ. ಎ.ಸಿ. ಹಾಕಿದರೂ ಅಷ್ಟೆ.

ಎದುರುಬದುರಾಗಿರುವ ಒಂದು ಕಿಟಕಿ ಮತ್ತು ಬಾಗಿಲು ತೆರೆದರೆ ಗಾಳಿ ಹಾದುಹೋಗುತ್ತದೆ. ಒಂದೇ ಕಿಟಕಿಯಿದ್ದರೆ ಅದರ ಮುಂದೆ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಟ್ಟು, ತಾಯಿಯನ್ನು ಅದರ ಹತ್ತಿರ, ತೊಟ್ಟಿಲನ್ನು ಬಾಗಿಲ ಹತ್ತಿರ ಇಡಿ. ಗಾಳಿ ಮಗುವಿನ ಕಡೆಯಿಂದ ತಾಯಿಯ ಕಡೆಗೆ ಸಾಗಿ ಹೊರಗೆ ಹೋಗಬೇಕು, ತಿರುವುಮುರುವಾಗಬಾರದು. ಮಲೆನಾಡಿನ ಮಳೆಯಲ್ಲಿ, ಡಿಸೆಂಬರ್ ಚಳಿಯಲ್ಲಿ ಇಡೀ ದಿನ ತೆರೆದಿಡಲಾಗದಿದ್ದರೆ ಹಾಲೂಡುವ ಹೊತ್ತಿನಲ್ಲಿ ಮತ್ತು ಅದಾದ ಮೇಲೆ ಅರ್ಧ ಗಂಟೆ ತೆರೆದಿರಲಿ. ಮಗುವನ್ನು ಬೆಚ್ಚಗಿಡುವ ಕೆಲಸ ಗೋಡೆಗಳದ್ದಲ್ಲ, ಕುಲಾವಿ, ಕಾಲುಚೀಲ, ಹತ್ತಿ ಬಟ್ಟೆಯ ಪದರಗಳದ್ದು. ಜಗುಲಿಯೋ ಅಂಗಳವೋ ಇರುವ ಮನೆಯಲ್ಲಿ ಎಳೆಬಿಸಿಲಿನ ಹೊತ್ತು ಹೊರಗೆ ಕೂತು ಹಾಲೂಡಿಸಿದರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ.

ಸಾಂಬ್ರಾಣಿ ಹೊಗೆಯನ್ನು ಈ ದಿನಗಳಲ್ಲಾದರೂ ಬಿಡಬೇಕು. ಹೊಗೆ ವೈರಾಣುವನ್ನು ಕೊಲ್ಲುವುದಿಲ್ಲ, ಮಗುವಿನ ಶ್ವಾಸನಾಳವನ್ನು ಕೆರಳಿಸುತ್ತದೆ, ತಾಯಿಯ ಕೆಮ್ಮನ್ನು ಹೆಚ್ಚಿಸುತ್ತದೆ. ಕೆಮ್ಮು ಹೆಚ್ಚಾದಷ್ಟೂ ತುಂತುರು ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವುದಂತೂ ಇಂಗಾಲದ ಮಾನಾಕ್ಸೈಡ್‌ನಿಂದ ಪ್ರಾಣಕ್ಕೇ ಕುತ್ತು ತರಬಲ್ಲದು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಮಗುವಿನ ಎದೆಗೆ ತಿಕ್ಕುವುದು, ಮೂಗಿನಡಿ ನೀಲಗಿರಿ ಎಣ್ಣೆ ಸವರುವುದು, ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ ಇವೆಲ್ಲ ಬೇಡ. ಕರ್ಪೂರ ಎಳೆಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ಜೇನು ಒಂದು ವರ್ಷದವರೆಗೆ ಬಾಟುಲಿಸಂ ಎಂಬ ವಿಷಬಾಧೆಯ ಭಯದಿಂದ ನಿಷಿದ್ಧ. ಮಗುವಿನ ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯ ಸಲೈನ್ (ಉಪ್ಪುನೀರಿನ) ಹನಿ, ಹಾಲು ಕೊಡುವ ಕೆಲವು ನಿಮಿಷ ಮೊದಲು ಒಂದೊಂದು ಹೊಳ್ಳೆಗೆ ಒಂದೆರಡು ಹನಿ, ಸಾಕು. ತಾಯಿ ಹಬೆ ತೆಗೆದುಕೊಳ್ಳುವುದಾದರೆ ಕುದಿನೀರಿನ ಪಾತ್ರೆ ಮಗುವಿರುವ ಕೋಣೆಯಲ್ಲಿ ಇರದಿರಲಿ.

ಎದೆಗೆ ಹಾಕಿಕೊಳ್ಳಲಾಗದಷ್ಟು ಕಾಯಿಲೆಯಾದರೆ

ತಾಯಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಅಥವಾ ಕೂತುಕೊಳ್ಳಲೂ ಆಗದಿದ್ದರೆ ಹಾಲು ಹಿಂಡಿ ಕೊಡಬಹುದು. ಉಸಿರಾಟದ ಸೋಂಕಿಗಾಗಿ ಆ ಹಾಲನ್ನು ಕುದಿಸಬೇಕಿಲ್ಲ. ಕುದಿಸಿದರೆ ಪ್ರತಿಕಾಯಗಳೇ ಹಾಳು.

ಅಗಲ ಬಾಯಿಯ, ಮುಚ್ಚಳವಿರುವ ಸ್ಟೀಲ್ ಪಾತ್ರೆಯನ್ನು ತೊಳೆದು 10 ನಿಮಿಷ ನೀರಿನಲ್ಲಿ ಕುದಿಸಿ ಇಟ್ಟುಕೊಳ್ಳಿ. ಮಾಸ್ಕ್ ಹಾಕಿ, ಕೈ ತೊಳೆದು, ಎದೆಗೆ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟು, ಮೆಲ್ಲಗೆ ನೀವಿ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿಟ್ಟು ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಬಿಡಿ. ಒತ್ತು, ಬಿಡು, ಮತ್ತೆ ಒತ್ತು. ಮೊದಲೊಂದು ನಿಮಿಷ ಏನೂ ಬಾರದಿದ್ದರೆ ಗಾಬರಿ ಬೇಡ. ತೊಟ್ಟನ್ನೇ ಹಿಡಿದು ಎಳೆಯುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ನೋವು ಬರುತ್ತದೆ, ಹಾಲು ಬರುವುದಿಲ್ಲ. ಒಂದು ಬದಿ 3ರಿಂದ 5 ನಿಮಿಷ, ಹರಿವು ಕಡಿಮೆಯಾದಾಗ ಇನ್ನೊಂದು ಬದಿ, ಬೆರಳಿನ ಜಾಗ ಸುತ್ತ ಬದಲಿಸುತ್ತ ಒಟ್ಟು 20ರಿಂದ 30 ನಿಮಿಷ. ದಿನಕ್ಕೆ ಕನಿಷ್ಠ 8 ಸಲ, ರಾತ್ರಿ ಒಂದು ಸಲವಾದರೂ. ಹಾಲಿನ ಉತ್ಪತ್ತಿ ಎದೆ ಖಾಲಿಯಾಗುವುದರ ಮೇಲೆ ನಿಂತಿದೆ. 8 ಸಲದ ಜಾಗದಲ್ಲಿ 3 ಸಲ ಹಿಂಡಿದರೆ ಕಾಯಿಲೆ ಮುಗಿಯುವಷ್ಟರಲ್ಲಿ ಹಾಲೂ ಬತ್ತಿರುತ್ತದೆ. ಪಂಪು ಬಳಸುವವರು ಹಾಲು ತಾಗುವ ಬಿಡಿಭಾಗಗಳನ್ನು ಪ್ರತಿ ಸಲ ಬಿಚ್ಚಿ ತೊಳೆಯಲಿ, ಕೆಮ್ಮಿದ ಕೈ ತಾಗಿದ ಗುಂಡಿ ಮತ್ತು ಹಿಡಿಕೆಯನ್ನು ಒರೆಸುವುದನ್ನೂ ಮರೆಯದಿರಲಿ.

ಕೊಡಲು ಬಾಟಲಿಗಿಂತ ನಮ್ಮ ಒಳಲೆ ಮೇಲು. ಸ್ಟೀಲಿನದಾದರೆ ಕುದಿಸುವುದು ಸುಲಭ. ಮಗು ಎಚ್ಚರವಾಗಿರಬೇಕು, ತೊಡೆಯ ಮೇಲೆ ಅರ್ಧ ಕೂತಂತೆ ತಲೆ ಎತ್ತರವಾಗಿರಬೇಕು. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿ, ನುಂಗಿದ ಮೇಲೆ ಮುಂದಿನದು. ಮಲಗಿಸಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಮಾಣ: ಮೊದಲ ವಾರ ದಾಟಿದ ಮಗುವಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 150 ಮಿ.ಲೀ. 4 ಕಿಲೋ ಮಗುವಿಗೆ 600 ಮಿ.ಲೀ., 8 ಸಲಕ್ಕೆ ಹಂಚಿದರೆ ಸಲಕ್ಕೆ 75. ಹುಟ್ಟಿದ ಮೊದಲ ದಿನ ಇಷ್ಟು ಬೇಕಿಲ್ಲ, ಗಿಣ್ಣುಹಾಲು ಸಲಕ್ಕೆ ಕೆಲವೇ ಮಿ.ಲೀ. ಸಾಕು.

ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಏಪ್ರಿಲ್ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಆ ಲೆಕ್ಕ ನಡೆಯದು. ಅಲ್ಲಿ ಹಿಂಡಿದ ತಕ್ಷಣ ಕೊಡಿ, ಇಲ್ಲವೇ ಫ್ರಿಜ್‌ನಲ್ಲಿಡಿ. ಫ್ರಿಜ್‌ನಲ್ಲಿ, ಬಾಗಿಲಿನ ತಟ್ಟೆಯಲ್ಲಲ್ಲದೆ ಒಳಭಾಗದಲ್ಲಿ, 4 ದಿನದವರೆಗೆ ಇಡಬಹುದು, ಆದರೆ ಪದೇಪದೇ ಕರೆಂಟ್ ಹೋಗುವ ಊರಿನಲ್ಲಿ 24 ಗಂಟೆಯೊಳಗೆ ಮುಗಿಸುವುದು ಜಾಣತನ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲೆ ಬೇಡ. ಮಗು ಕುಡಿದು ಬಿಟ್ಟದ್ದನ್ನು 2 ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಿ.

ಮಾತ್ರೆಗಳು

ಅಂಗಡಿಯವರು ಕೊಡುವ "ನೆಗಡಿ ಮಾತ್ರೆ"ಯ ಹಿಂಬದಿಯ ಸಣ್ಣಕ್ಷರ ಓದುವುದು ಇಲ್ಲಿ ದೊಡ್ಡ ಕೆಲಸ. ಅದರಲ್ಲಿ ಸಾಮಾನ್ಯವಾಗಿ ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮಿನ್ ಮೂರೂ ಬೆರೆತಿರುತ್ತವೆ. ಮೊದಲನೆಯದು ಜ್ವರಕ್ಕೆ, ಹಾಲೂಡಿಸುವವರಿಗೆ ಸುರಕ್ಷಿತ. ಆದರೆ ಜೊತೆಗೆ ಮನೆಮಾತಾದ ಡೋಲೋ 650 ಕೂಡ ನುಂಗಿದರೆ ಪ್ಯಾರಸಿಟಮಾಲ್ ಎರಡೆರಡು ಸಲ ಹೋದಂತಾಯಿತು. ಒಂದು ಡೋಸಿಗೂ ಇನ್ನೊಂದಕ್ಕೂ 4ರಿಂದ 6 ಗಂಟೆ ಅಂತರ ಬೇಕು, ದಿನದ ಒಟ್ಟು 4 ಗ್ರಾಂ ದಾಟಬಾರದು, 3ರೊಳಗಿದ್ದರೆ ಒಳ್ಳೆಯದು. ಮೂರನೆಯದು, ಕ್ಲೋರ್‌ಫೆನಿರಮಿನ್, ತಾಯಿಗೂ ಮಗುವಿಗೂ ಮಂಪರು ತರಬಹುದು. ಅಲರ್ಜಿಯ ಮಾತ್ರೆಯೇ ಬೇಕಿದ್ದರೆ ಸೆಟಿರಿಜಿನ್, ಲೊರಾಟಡಿನ್ ಕಡಿಮೆ ತೊಂದರೆಯವು. ಮೂಗಿನ ಕಟ್ಟು ಬಿಡಿಸುವ ಸ್ಯೂಡೋಎಫೆಡ್ರಿನ್ ಹಾಲನ್ನು ಇಳಿಸುತ್ತದೆ. ಒಂದು ಸಣ್ಣ ಅಧ್ಯಯನದಲ್ಲಿ 60 ಮಿ.ಗ್ರಾಂನ ಒಂದೇ ಡೋಸಿಗೆ ಆ ದಿನದ ಹಾಲು ಸುಮಾರು ಕಾಲು ಭಾಗ ಇಳಿದಿತ್ತು. ಫಿನೈಲ್‌ಎಫ್ರಿನ್ ಕೂಡ ಅದರ ಬಳಗದ್ದೇ. ಇವುಗಳ ಬದಲು ಸಲೈನ್ ಹನಿ, ಬೇಕೇಬೇಕೆಂದರೆ ಕ್ಸೈಲೋಮೆಟಜೊಲಿನ್ ಮೂಗಿನ ಹನಿಯನ್ನು 3 ದಿನ ಮೀರದಂತೆ.

ಐಬುಪ್ರೊಫೆನ್ ಹಾಲಿಗೆ ಇಳಿಯುವುದು ತೀರ ಕಡಿಮೆ, ಊಟವಾದ ಮೇಲೆ ತೆಗೆದುಕೊಳ್ಳಬಹುದು. ಡೆಂಗಿಯ ಅನುಮಾನವಿದ್ದರೆ ಮಾತ್ರ ಮುಟ್ಟಬಾರದು. ಜ್ವರಕ್ಕೆ ಆಸ್ಪಿರಿನ್ ಬೇಡ. ಕೊಡೀನ್ ಇರುವ ಕೆಮ್ಮಿನ ಸಿರಪ್ ಖಂಡಿತ ಬೇಡ. ಕೆಲವರ ದೇಹ ಅದನ್ನು ಬೇಗನೆ ಮಾರ್ಫಿನ್ ಆಗಿ ಬದಲಿಸುತ್ತದೆ, ಅದು ಹಾಲಿಗಿಳಿದು ಮಗುವಿನ ಉಸಿರಾಟವನ್ನೇ ಕುಗ್ಗಿಸುತ್ತದೆ. ಹಾಲೂಡಿಸುವವರು ಇದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತು. ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್, ಆಸ್ತಮಾದ ಇನ್‌ಹೇಲರ್‌ಗಳಿಗೆ ಹಾಲು ನಿಲ್ಲಿಸಬೇಕಿಲ್ಲ. ಎದೆಯ ಎಕ್ಸ್‌ರೇ ತೆಗೆಸಿದರೂ ಅಷ್ಟೆ, ಮನೆಗೆ ಬಂದು ನೇರ ಹಾಲೂಡಿಸಬಹುದು.

ಇನ್‌ಫ್ಲುಯೆಂಜಾ ಖಚಿತವಾದರೆ ಅಥವಾ ವೈದ್ಯರಿಗೆ ಬಲವಾದ ಅನುಮಾನವಿದ್ದರೆ ಒಸೆಲ್ಟಾಮಿವಿರ್ 75 ಮಿ.ಗ್ರಾಂ, ದಿನಕ್ಕೆ 2 ಸಲ, 5 ದಿನ. ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಹಾಲಿಗೆ ಇಳಿಯುವ ಅಂಶ ಅತ್ಯಲ್ಪ. ಚೀಟಿಯಿಲ್ಲದೆ ಕೊಳ್ಳುವ ಔಷಧಿಯಲ್ಲ ಅದು. ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದೆ, ಕೆಮ್ಮೂ ತಗ್ಗಿದ ಮೇಲೆ ಮಾಸ್ಕ್ ಬಿಡಬಹುದು. ಸಾಮಾನ್ಯವಾಗಿ ವಾರದ ಮಾತು.

ಬೇರೆ ನಿಯಮದ ಮೂರು ಕಾಯಿಲೆಗಳು

ಕ್ಷಯದ (ಟಿ.ಬಿ.) ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಣಂತಿಯಲ್ಲಿ ಅದು ತಡವಾಗಿ ಪತ್ತೆಯಾಗುತ್ತದೆ. ತೂಕ ಇಳಿದರೆ "ಹಾಲೂಡಿಸ್ತಾಳಲ್ಲ", ರಾತ್ರಿ ಬೆವರಿದರೆ "ಬಾಣಂತಿ ಮೈ", ಕೆಮ್ಮಿದರೆ "ಥಂಡಿ". 2 ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆ ಉಚಿತ. ಕ್ಷಯ ಖಚಿತವಾದರೂ, ಸ್ತನದಲ್ಲೇ ಕ್ಷಯದ ಗಡ್ಡೆಯಿಲ್ಲದಿದ್ದರೆ, ಹಾಲಿನಿಂದ ಅದು ಹರಡುವುದಿಲ್ಲ. ಚಿಕಿತ್ಸೆ ಶುರುವಾದ ಮೊದಲ 2 ವಾರ ಸೋಂಕಿನ ಭಯ ಹೆಚ್ಚು. ಆಗ ಮಾಸ್ಕ್, ತೆರೆದ ಗಾಳಿ, ಹಾಲಿನ ಹೊತ್ತು ಬಿಟ್ಟು ಉಳಿದಾಗ ದೂರ. ತೀರ ಎಳೆಯ ಮಗುವಾದರೆ ಆ ಎರಡು ವಾರ ಹಿಂಡಿದ ಹಾಲು ಕೊಡಿ ಎಂದು ಕೆಲವು ವೈದ್ಯರು ಹೇಳುತ್ತಾರೆ, ಅದೂ ಸರಿಯೇ. ಮೊದಲ ಸಾಲಿನ ನಾಲ್ಕೂ ಔಷಧಿಗಳು ಹಾಲೂಡಿಸುವವರಿಗೆ ಸುರಕ್ಷಿತ. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಿ ಮಾತ್ರೆ ಬಿಡಬಾರದು.

ಇಲ್ಲೊಂದು ತಪ್ಪು ಲೆಕ್ಕ ಬಹಳ ನಡೆಯುತ್ತದೆ: ತಾಯಿಯ ಮಾತ್ರೆ ಹಾಲಿನಲ್ಲಿ ಮಗುವಿಗೂ ಹೋಗುತ್ತದಲ್ಲ, ಮಗುವಿಗೆ ಬೇರೆ ಔಷಧಿ ಯಾಕೆ ಎಂದು. ಹಾಲಿಗೆ ಇಳಿಯುವ ಅಂಶ ಮಗುವನ್ನು ಕಾಯಲು ಏನೇನೂ ಸಾಲದು. ಮಗುವಿಗೆ ಕ್ಷಯವಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿ ಕಿಲೋ ತೂಕಕ್ಕೆ 10 ಮಿ.ಗ್ರಾಂ ಐಸೊನಿಯಜಿಡ್ ದಿನಾ, 6 ತಿಂಗಳು ಕೊಡಬೇಕು. ಮಗುವಿನ ತೂಕ ಏರಿದಂತೆ ಡೋಸೂ ಏರಬೇಕು. ಮೊದಲ ತಿಂಗಳ ಡೋಸನ್ನೇ ಆರನೇ ತಿಂಗಳಲ್ಲೂ ಕೊಡುವುದು ಸಾಮಾನ್ಯ ಎಡವಟ್ಟು. ಕ್ಷಯದ ಲಸಿಕೆಯಾದ ಬಿಸಿಜಿ ಯಾವಾಗ ಎಂಬುದನ್ನು ಮಕ್ಕಳ ವೈದ್ಯರೇ ಹೇಳಲಿ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆ ಸರಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಾಯಿಯ ಹೆಸರು ಸೇರಿಸಲು ಮರೆಯಬೇಡಿ, 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಔಷಧಿಗೆ ಬಗ್ಗದ ಕ್ಷಯವಾದರೆ ನಿಯಮಗಳು ಬೇರೆ, ಅದನ್ನು ಚಿಕಿತ್ಸಾ ಕೇಂದ್ರದಲ್ಲೇ ಕೇಳಬೇಕು.

ನಾಯಿಕೆಮ್ಮು ಬಂದ ತಾಯಿ ತಕ್ಕ ಆ್ಯಂಟಿಬಯೋಟಿಕ್ ಶುರುಮಾಡಿ 5 ದಿನ ಕಳೆಯುವವರೆಗೆ ಸೋಂಕು ಹರಡಬಲ್ಲಳು. ಆ ಅವಧಿಯಲ್ಲಿ ಹಿಂಡಿದ ಹಾಲು ಕೊಡಬಹುದು. ಮಗುವಿಗೆ ಲಕ್ಷಣ ಕಾಣುವವರೆಗೆ ಕಾಯದೆ ವೈದ್ಯರು ಅಜಿಥ್ರೊಮೈಸಿನ್ ಕೊಡುತ್ತಾರೆ. ಒಂದು ತಿಂಗಳೊಳಗಿನ ಮಗುವಿಗೆ ಎರಿಥ್ರೊಮೈಸಿನ್ ಬೇಡ, ಅದರಿಂದ ಜಠರದ ಹೊರದಾರಿ ಬಿಗಿಯುವ ತೊಂದರೆ ಬರಬಹುದು. ನಾಯಿಕೆಮ್ಮೂ ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಶುರುವಾಗುವುದೇ 6ನೇ ವಾರಕ್ಕೆ. ಅಲ್ಲಿಯವರೆಗೆ ಮಗುವಿಗಿರುವುದು ತಾಯಿಯಿಂದ ಬಂದ ಪ್ರತಿಕಾಯವಷ್ಟೇ. ಗರ್ಭಿಣಿಯರಿಗೆ ಸರಕಾರಿ ಕಾರ್ಯಕ್ರಮದಲ್ಲಿ ಕೊಡುವ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಅದು ಬೇಕಿದ್ದರೆ 27ರಿಂದ 36ನೇ ವಾರದೊಳಗೆ ಆ ಅಂಶವೂ ಇರುವ ಟಿಡ್ಯಾಪ್ ಲಸಿಕೆಯನ್ನು ಕೇಳಿ ಹಾಕಿಸಿಕೊಳ್ಳಬೇಕು.

ಹೆರಿಗೆಯ ಆಸುಪಾಸಿನಲ್ಲಿ, ಅಂದರೆ 5 ದಿನ ಮುಂಚಿನಿಂದ 2 ದಿನ ನಂತರದವರೆಗೆ ತಾಯಿಗೆ ಸಿತಾಳೆ ಸಿಡುಬು ಎದ್ದರೆ ಮಗುವಿಗೆ ತುರ್ತಾಗಿ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕು. ಎದೆಯ ಮೇಲೆ ಗುಳ್ಳೆಯಿಲ್ಲದ ಬದಿಯಿಂದ ಹಿಂಡಿದ ಹಾಲು ಕೊಡಬಹುದು.

ಮಗುವಿನಲ್ಲಿ ನೋಡಬೇಕಾದ್ದು

ಎಳೆಮಗುವಿಗೆ ಸೋಂಕು ತಗುಲಿದರೆ ಮೊದಲು ಕಾಣುವುದು ಕೆಮ್ಮೇ ಆಗಬೇಕಿಲ್ಲ, ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಮಗು ಶಾಂತವಾಗಿರುವಾಗ ಅಂಗಿ ಎತ್ತಿ, ಪೂರ್ತಿ 60 ಸೆಕೆಂಡು ಉಸಿರು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪುತ್ತದೆ, ಎಳೆಯರ ಉಸಿರು ಒಂದೇ ಲಯದಲ್ಲಿರುವುದಿಲ್ಲ. 2 ತಿಂಗಳೊಳಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳಲ್ಲಿ 50 ಅಥವಾ ಹೆಚ್ಚು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಗುಳಿಬೀಳುವುದು, ನರಳುವ ಸದ್ದು, ತುಟಿ ನೀಲಿಯಾಗುವುದು, ಉಸಿರು ನಡುನಡುವೆ ನಿಂತು ಹೋಗುವುದು, ಎಬ್ಬಿಸಿದರೂ ಏಳದಿರುವುದು ಇವಕ್ಕೆ 108. ನಾಯಿಕೆಮ್ಮು, ಆರ್‌ಎಸ್‌ವಿಯಲ್ಲಿ ಎಳೆಯ ಮಗು ಕೆಮ್ಮದೆಯೇ ಉಸಿರು ನಿಲ್ಲಿಸಬಹುದು. 2 ತಿಂಗಳೊಳಗಿನ ಮಗುವಿಗೆ ಕಂಕುಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ತೋರಿದರೂ, 35.5ಕ್ಕಿಂತ ಇಳಿದರೂ ಮನೆಮದ್ದಿಗೆ ಜಾಗವಿಲ್ಲ. ಹುಟ್ಟಿದ ಮೊದಲ ಕೆಲವು ದಿನ ಬಿಟ್ಟರೆ, ದಿನಕ್ಕೆ 6 ಸಲಕ್ಕಿಂತ ಕಡಿಮೆ ಮೂತ್ರವೆಂದರೆ ಹಾಲು ಸಾಲುತ್ತಿಲ್ಲ.

ಈಗಾಗಲೇ ನಿಲ್ಲಿಸಿದ್ದರೆ

ನಾಲ್ಕೈದು ದಿನ ಹಾಲು ಬಿಟ್ಟು, ಡಬ್ಬಿ ಹಾಲಿಗೆ ಹಾಕಿ, ಈಗ ಎದೆ ಬತ್ತಿತು ಎನ್ನುವ ಮನೆಗಳೂ ಬಹಳ. ಹಾಲು ಮರಳಿ ಬರುತ್ತದೆ, ಬಿಟ್ಟ ಅವಧಿ ಕಡಿಮೆಯಿದ್ದಷ್ಟೂ ಬೇಗ. ಮಗುವನ್ನು ಬರಿಮೈಯಲ್ಲಿ ಎದೆಗವಚಿಕೊಂಡು, ದಿನಕ್ಕೆ 8ರಿಂದ 12 ಸಲ ಎರಡೂ ಬದಿ ಚೀಪಿಸಬೇಕು, ಪ್ರತಿ ಸಲದ ನಂತರ 10 ನಿಮಿಷ ಕೈಯಿಂದ ಹಿಂಡಬೇಕು. ಚೀಪಲು ಒಲ್ಲದ ಮಗುವಿಗೆ ಎದೆಯ ಮೇಲೆ ಹಿಂಡಿದ ಹಾಲಿನ ಹನಿಗಳನ್ನು ಇಳಿಬಿಟ್ಟು ಆಸೆ ಹುಟ್ಟಿಸಬಹುದು. ತೀರ ಹಸಿದು ಅಳುವಾಗ ಪ್ರಯತ್ನಿಸಿದರೆ ಮಾತ್ರ ಸೋಲು ಖಚಿತ, ಅರೆನಿದ್ದೆಯಲ್ಲಿರುವಾಗ ಒಪ್ಪಿಕೊಳ್ಳುತ್ತದೆ. ಡಬ್ಬಿ ಹಾಲನ್ನು ಒಮ್ಮೆಲೇ ನಿಲ್ಲಿಸದೆ, ಬಾಟಲಿ ಬಿಟ್ಟು ಒಳಲೆಯಲ್ಲಿ ಕೊಡುತ್ತ, ಮಗುವಿನ ಮೂತ್ರದ ಲೆಕ್ಕ ಮತ್ತು ವಾರಕ್ಕೊಮ್ಮೆ ತೂಕ ನೋಡಿಕೊಂಡು ಇಳಿಸುತ್ತ ಬನ್ನಿ. ಅಂಗನವಾಡಿಯ ತಕ್ಕಡಿ ಇದಕ್ಕೆ ಸಾಕು. ಹೋದಾಗೆಲ್ಲ ಅದೇ ತಕ್ಕಡಿ, ಅಷ್ಟೇ ಬಟ್ಟೆ ಇದ್ದರೆ ಲೆಕ್ಕ ಹೊಂದುತ್ತದೆ.